ಮೆಟ್ರಿಕ್ ಅಲಾರ್ಮ್ (ಕ್ಲೌಡ್ ಉಸ್ತುವಾರಿ)

ಮೆಟ್ರಿಕ್ ಅಲಾರ್ಮ್ ಎಂಬುದು ಕ್ಲೌಡ್ ಗಣಕ ವ್ಯವಸ್ಥೆಯಲ್ಲಿ ಕಾಲಕಾಲಕ್ಕೆ ದಾಖಲಾಗುವ ಒಂದು ಅಳತೆಯು ಮೊದಲೇ ಗೊತ್ತುಪಡಿಸಿದ ಮಿತಿಯನ್ನು ದಾಟಿದಾಗ ತಾನಾಗಿಯೇ ಎಚ್ಚರಿಕೆ ನೀಡುವ ಏರ್ಪಾಡು. ಸರ್ವರಿನ ಸಿಪಿಯು ಬಳಕೆ, ಡಿಸ್ಕಿನಲ್ಲಿ ಉಳಿದಿರುವ ಜಾಗ, ಜಾಲತಾಣವು ಉತ್ತರಿಸಲು ತೆಗೆದುಕೊಳ್ಳುವ ಸಮಯ, ದೂರದ ಮಳೆಮಾಪಕ ಕಳುಹಿಸುವ ಮಿಲಿಮೀಟರ್ ಲೆಕ್ಕ ಮುಂತಾಗಿ ಸಂಖ್ಯೆಯಲ್ಲಿ ಹೇಳಬಹುದಾದ ಯಾವುದೇ ಸಂಗತಿ ಮೆಟ್ರಿಕ್ ಆಗಬಲ್ಲದು. ಅಲಾರ್ಮನ್ನು ಸೇವೆಯ ಜಾಲಪುಟದಲ್ಲಿ ಕೈಯಿಂದ ರಚಿಸಬಹುದು, ಇಲ್ಲವೇ ಕೋಡ್ ಮೂಲಕ ರಚಿಸಬಹುದು. ಕೋಡ್ ಮೂಲಕ ರಚಿಸಿದಾಗ ಯಾವ ಅಳತೆಗೆ ಯಾವ ಮಿತಿ, ಯಾರಿಗೆ ಸೂಚನೆ ಎಂಬ ನಿರ್ಧಾರಗಳೆಲ್ಲ ಬರಹದಲ್ಲಿ ಉಳಿಯುತ್ತವೆ. ಅವುಗಳನ್ನು ಇನ್ನೊಬ್ಬರು ಓದಿ ಪರಿಶೀಲಿಸಲು ಸಾಧ್ಯವಾಗುತ್ತದೆ.

ಇತಿಹಾಸ

ಮಿತಿ ದಾಟಿದಾಗ ಎಚ್ಚರಿಸುವ ತಂತ್ರಾಂಶಗಳು ಕ್ಲೌಡ್ ಸೇವೆಗಳಿಗಿಂತ ಹಳೆಯವು. ನಂತರ ನಾಗಿಯೋಸ್ ಎಂದು ಹೆಸರಾದ ಮುಕ್ತ ತಂತ್ರಾಂಶವು 1999ರಲ್ಲಿ ಬಳಕೆಗೆ ಬಂದಿತು. ಅಮೆಜಾನ್ ವೆಬ್ ಸರ್ವೀಸಸ್ ತನ್ನ ಕ್ಲೌಡ್‌ವಾಚ್ ಸೇವೆಯನ್ನು 2009ರಲ್ಲಿ ಆರಂಭಿಸಿತು. ಸಂಪನ್ಮೂಲಗಳನ್ನು ಕಡತದಲ್ಲಿ ಬರೆದು ರಚಿಸುವ ಕ್ಲೌಡ್‌ಫಾರ್ಮೇಶನ್ 2011ರಲ್ಲಿಯೂ, ಹಲವು ಸಂಸ್ಥೆಗಳ ಕ್ಲೌಡ್‌ಗಳಿಗೆ ಒಗ್ಗುವ ಟೆರಾಫಾರ್ಮ್ 2014ರಲ್ಲಿಯೂ ಬಂದವು. ಸೌಂಡ್‌ಕ್ಲೌಡ್ ಸಂಸ್ಥೆಯಲ್ಲಿ 2012ರಲ್ಲಿ ಪ್ರಾರಂಭವಾದ ಪ್ರೊಮಿಥಿಯಸ್, ಎಚ್ಚರಿಕೆಯ ನಿಯಮಗಳನ್ನು ಪಠ್ಯ ಕಡತಗಳಲ್ಲಿಯೇ ಬರೆಯುವ ಕ್ರಮವನ್ನು ಅನುಸರಿಸುತ್ತದೆ. ಮೈಕ್ರೋಸಾಫ್ಟ್ ಮತ್ತು ಗೂಗಲ್ ಕ್ಲೌಡ್‌ಗಳಲ್ಲಿಯೂ ಇಂಥ ಸೌಲಭ್ಯವಿದೆ. ಈ ಲೇಖನದ ವಿವರಗಳು ಮುಖ್ಯವಾಗಿ ಕ್ಲೌಡ್‌ವಾಚ್‌ಗೆ ಸಂಬಂಧಿಸಿವೆ.

ಅಲಾರ್ಮಿನ ಅಂಗಗಳು

ಒಂದು ಅಲಾರ್ಮನ್ನು ರಚಿಸಲು ಕೆಳಗಿನ ವಿವರಗಳು ಬೇಕಾಗುತ್ತವೆ.

• ಮೆಟ್ರಿಕ್: ಗಮನಿಸಬೇಕಾದ ಅಳತೆಯ ಹೆಸರು; ಅದು ಯಾವ ಯಂತ್ರಕ್ಕೆ ಅಥವಾ ಯಾವ ಸ್ಥಳಕ್ಕೆ ಸೇರಿದ್ದೆಂಬ ಗುರುತು.
• ಅವಧಿ: ಎಷ್ಟು ಸೆಕೆಂಡುಗಳ ದತ್ತಾಂಶವನ್ನು ಒಂದು ಬಿಂದುವಾಗಿ ಎಣಿಸಬೇಕೆಂಬುದು. ಸಾಮಾನ್ಯ ಅಳತೆಗಳಿಗೆ ಇದು 60ರ ಗುಣಕವಾಗಿರಬೇಕು.
• ಲೆಕ್ಕದ ವಿಧ: ಆ ಅವಧಿಯ ಸರಾಸರಿ, ಮೊತ್ತ, ಗರಿಷ್ಠ ಅಥವಾ ಕನಿಷ್ಠ.
• ಮಿತಿ ಮತ್ತು ಹೋಲಿಕೆ: ಯಾವ ಸಂಖ್ಯೆಗಿಂತ ಹೆಚ್ಚಾದಾಗ ಅಥವಾ ಕಡಿಮೆಯಾದಾಗ ಎಚ್ಚರಿಸಬೇಕೆಂಬುದು.
• ಬಿಂದುಗಳ ಸಂಖ್ಯೆ: ಕೊನೆಯ ಎಷ್ಟು ಬಿಂದುಗಳಲ್ಲಿ ಎಷ್ಟು ಮಿತಿ ದಾಟಿರಬೇಕೆಂಬುದು.
• ಕ್ರಿಯೆ: ಸ್ಥಿತಿ ಬದಲಾದಾಗ ಸೂಚನೆಯನ್ನು ಎಲ್ಲಿಗೆ ಕಳುಹಿಸಬೇಕೆಂಬುದು.

ಅಲಾರ್ಮ್ ಮೂರು ಸ್ಥಿತಿಗಳಲ್ಲಿ ಒಂದರಲ್ಲಿರುತ್ತದೆ: ಅಳತೆ ಮಿತಿಯೊಳಗಿರುವ 'ಓಕೆ', ಮಿತಿ ದಾಟಿದ 'ಅಲಾರ್ಮ್', ಮತ್ತು ತೀರ್ಮಾನಕ್ಕೆ ಬೇಕಾದಷ್ಟು ದತ್ತಾಂಶವಿಲ್ಲದ 'ಇನ್‌ಸಫಿಶಿಯಂಟ್ ಡೇಟಾ'.

ಉದಾಹರಣೆ: ಬೆಣ್ಣೆಹಳ್ಳ ಮತ್ತು ಯಾವಗಲ್

ಕರ್ನಾಟಕದಲ್ಲಿ ದೂರದ ಅಳತೆಗಳನ್ನು ಸ್ವಯಂಚಾಲಿತವಾಗಿ ಸಂಗ್ರಹಿಸುವ ದೊಡ್ಡ ಜಾಲಗಳಲ್ಲಿ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕ ಜಾಲವೂ ಒಂದು. 1988ರಲ್ಲಿ ಬರಗಾಲ ಉಸ್ತುವಾರಿ ಘಟಕವಾಗಿ ಆರಂಭವಾದ ಈ ಸಂಸ್ಥೆಯು ಗ್ರಾಮ ಪಂಚಾಯಿತಿ ಮಟ್ಟದಲ್ಲಿ 6,000ಕ್ಕೂ ಹೆಚ್ಚು ಮಳೆಮಾಪಕಗಳನ್ನು ಹೊಂದಿದ್ದು, ಅವು 15 ನಿಮಿಷಗಳಿಗೊಮ್ಮೆ ಮಾಹಿತಿ ಕಳುಹಿಸುತ್ತವೆ.

ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಯಾವಗಲ್ ಗ್ರಾಮದ ಸೀಮೆಯು ಬೆಣ್ಣೆಹಳ್ಳದ ನೆರೆಗೆ ಒಳಗಾಗುವ ಪ್ರದೇಶ. ಶಿಗ್ಗಾಂವಿ ಭಾಗದಲ್ಲಿ ಹುಟ್ಟುವ ಈ ಹಳ್ಳವು ಕುಂದಗೋಳ, ಹುಬ್ಬಳ್ಳಿ, ನವಲಗುಂದ ಸೀಮೆಯ ಎರೆಭೂಮಿಯ ನೀರನ್ನೆಲ್ಲ ಹೊತ್ತುಕೊಂಡು ಬಂದು ಮಲಪ್ರಭೆಯನ್ನು ಸೇರುತ್ತದೆ. ಮಲಪ್ರಭೆಗೆ ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ಅಣೆಕಟ್ಟೆ ಇರುವುದರಿಂದ, ಅಲ್ಲಿಂದ ನೀರು ಬಿಡುವ ಮುನ್ನ ನದಿಪಾತ್ರದ ಊರುಗಳಿಗೆ ತಿಳಿಸಲು ಅವಕಾಶವಿದೆ. ಬೆಣ್ಣೆಹಳ್ಳಕ್ಕೆ ಅಂಥ ದೊಡ್ಡ ಜಲಾಶಯವಿಲ್ಲ. ಕೆಳಗಿನ ಊರಿನಲ್ಲಿ ಹನಿ ಮಳೆ ಬೀಳದಿದ್ದರೂ ಮೇಲ್ಭಾಗದ ಮಳೆಯಿಂದ ಹಳ್ಳ ತುಂಬಿ ಬರಬಹುದು. ಆದ್ದರಿಂದ ಮೇಲ್ಭಾಗದ ಮಳೆಯ ಲೆಕ್ಕವೇ ಕೆಳಗಿನವರಿಗೆ ಮುನ್ಸೂಚನೆ.

ಇಂಥ ಸಂದರ್ಭಕ್ಕೆ ಅಲಾರ್ಮ್ ಹೇಗೆ ರಚಿಸಬಹುದೆಂಬುದಕ್ಕೆ ಮುಂದಿನದು ಕಲ್ಪಿತ ಉದಾಹರಣೆ. ಇದು ಜಾರಿಯಲ್ಲಿರುವ ಯಾವುದೇ ವ್ಯವಸ್ಥೆಯ ವರ್ಣನೆಯಲ್ಲ. ಇಲ್ಲಿನ ಮಿತಿಯೂ ಅಧಿಕೃತವಲ್ಲ. ಮೇಲ್ಭಾಗದ ಒಂದು ಮಳೆಮಾಪಕದ ಅವಧಿ 900 ಸೆಕೆಂಡು, ಲೆಕ್ಕದ ವಿಧ ಮೊತ್ತ, ಮಿತಿ 10 ಮಿ.ಮೀ., ನಾಲ್ಕು ಬಿಂದುಗಳಲ್ಲಿ ಮೂರು ಎಂದು ಬರೆಯಲಾಗಿದೆ ಎಂದುಕೊಳ್ಳಬಹುದು. ಒಂದು ಗಂಟೆಯಲ್ಲಿ ಕ್ರಮವಾಗಿ 12, 4, 15, 11 ಮಿ.ಮೀ. ಮಳೆಯಾದರೆ ಮೂರು ಬಿಂದುಗಳು ಮಿತಿ ದಾಟಿದಂತಾಗಿ ಅಲಾರ್ಮ್ ಮೊಳಗುತ್ತದೆ. ನಾಲ್ಕಕ್ಕೆ ನಾಲ್ಕೂ ದಾಟಬೇಕೆಂದು ಬರೆದಿದ್ದರೆ, ನಡುವೆ ಮಳೆ ತುಸು ಬಿಡುವು ಕೊಟ್ಟಿತೆಂಬ ಕಾರಣಕ್ಕೆ, ಒಟ್ಟು 42 ಮಿ.ಮೀ. ಸುರಿದಿದ್ದರೂ ಎಚ್ಚರಿಕೆ ಬರುತ್ತಿರಲಿಲ್ಲ. ಒಂದೇ ಬಿಂದು ಸಾಕೆಂದರೆ ಬೇಸಿಗೆಯ ಪ್ರತಿ ಅಡ್ಡಮಳೆಗೂ ಸೂಚನೆ ಬಂದು, ಜನ ಅದನ್ನು ಲೆಕ್ಕಿಸದಂತಾಗುತ್ತಾರೆ.

ಕೋಡ್ ಮೂಲಕ ರಚನೆ

ಪೈಥಾನ್ ಭಾಷೆಯಲ್ಲಿ ಬೋಟೋ3 ಎಂಬ ಗ್ರಂಥಾಲಯದ 'ಪುಟ್ ಮೆಟ್ರಿಕ್ ಅಲಾರ್ಮ್' ಆಜ್ಞೆಗೆ ಮೇಲಿನ ವಿವರಗಳನ್ನು ನೀಡಿದರೆ ಅಲಾರ್ಮ್ ಸಿದ್ಧವಾಗುತ್ತದೆ. ಮೂವತ್ತು ಮಳೆಮಾಪಕಗಳಿದ್ದರೆ ಅವುಗಳ ಹೆಸರುಗಳ ಪಟ್ಟಿಯನ್ನು ಬರೆದು, ಪ್ರತಿಯೊಂದು ಹೆಸರಿಗೂ ಅದೇ ಆಜ್ಞೆಯನ್ನು ಪುನರಾವರ್ತಿಸಿದರೆ ಸಾಕು. ಕೈಯಿಂದ ಮೂವತ್ತು ಸಲ ತುಂಬುವಾಗ 10ರ ಬದಲು 100 ಎಂದು ಬೀಳಬಹುದಾದ ಕೈತಪ್ಪು ಇಲ್ಲಿ ತಪ್ಪುತ್ತದೆ.

ಅದೇ ಹೆಸರಿನ ಅಲಾರ್ಮ್ ಮೊದಲೇ ಇದ್ದರೆ ಈ ಆಜ್ಞೆಯು ಹಳೆಯ ವಿವರಗಳನ್ನು ಪೂರ್ಣವಾಗಿ ಅಳಿಸಿ ಹೊಸದನ್ನು ಬರೆಯುತ್ತದೆ. ಆದುದರಿಂದ ಪ್ರತಿ ಅಲಾರ್ಮಿಗೂ ಬೇರೆ ಬೇರೆ ಹೆಸರಿಡುವುದು ಅವಶ್ಯ. ಟೆರಾಫಾರ್ಮ್ ಅಥವಾ ಕ್ಲೌಡ್‌ಫಾರ್ಮೇಶನ್ ಬಳಸಿದರೆ, ಬದಲಾವಣೆಯನ್ನು ಜಾರಿಗೆ ತರುವ ಮುನ್ನ ಏನೇನು ಬದಲಾಗಲಿದೆ ಎಂಬುದನ್ನು ನೋಡಬಹುದು. ಕಡತಗಳನ್ನು ಗಿಟ್‌ನಂಥ ಆವೃತ್ತಿ ನಿಯಂತ್ರಣದಲ್ಲಿ ಇಟ್ಟರೆ ಮಿತಿಯನ್ನು ಯಾರು, ಯಾವಾಗ ಬದಲಿಸಿದರೆಂಬ ದಾಖಲೆ ದೊರೆಯುತ್ತದೆ; ಏಕೆ ಬದಲಿಸಿದರೆಂಬುದನ್ನೂ ಜೊತೆಯಲ್ಲಿ ಬರೆದಿಡಬಹುದು.

ದತ್ತಾಂಶ ಬಾರದಿದ್ದಾಗ

ಮಳೆಮಾಪಕದಿಂದ ಮಾಹಿತಿ ಬಾರದಿರುವುದಕ್ಕೂ 'ಮಳೆ ಇಲ್ಲ' ಎಂಬ ಸೊನ್ನೆಗೂ ವ್ಯತ್ಯಾಸವಿದೆ. ಬಿರುಮಳೆ, ಗಾಳಿಯ ಹೊತ್ತಿನಲ್ಲಿಯೇ ವಿದ್ಯುತ್ತು ಅಥವಾ ಮೊಬೈಲ್ ಸಂಪರ್ಕ ಕಡಿದುಹೋಗುವ ಸಂಭವ ಹೆಚ್ಚು. ಬಾರದ ದತ್ತಾಂಶವನ್ನು ಹೇಗೆ ಎಣಿಸಬೇಕೆಂಬುದಕ್ಕೆ ಕ್ಲೌಡ್‌ವಾಚ್ ನಾಲ್ಕು ಆಯ್ಕೆಗಳನ್ನು ನೀಡುತ್ತದೆ.

• ಮಿತಿ ದಾಟಿದೆ ಎಂದು ಎಣಿಸುವುದು.
• ಮಿತಿಯೊಳಗಿದೆ ಎಂದು ಎಣಿಸುವುದು.
• ಲೆಕ್ಕಿಸದೆ ಈಗಿರುವ ಸ್ಥಿತಿಯನ್ನೇ ಮುಂದುವರಿಸುವುದು.
• ಇಲ್ಲವೆಂದೇ ಎಣಿಸುವುದು. ಬೇಕಾದ ಬಿಂದುಗಳೆಲ್ಲವೂ ಇಲ್ಲವಾದಾಗ 'ಇನ್‌ಸಫಿಶಿಯಂಟ್ ಡೇಟಾ' ಸ್ಥಿತಿಗೆ ಹೋಗುವುದು.

ಏನನ್ನೂ ಬರೆಯದಿದ್ದರೆ ನಾಲ್ಕನೆಯದು ಅನ್ವಯವಾಗುತ್ತದೆ. ಎರಡನೆಯದನ್ನು ಆರಿಸಿದರೆ, ಕೆಟ್ಟುನಿಂತ ಮಳೆಮಾಪಕವು 'ಎಲ್ಲವೂ ಕ್ಷೇಮ' ಎಂದು ಹೇಳುತ್ತಲೇ ಇರುತ್ತದೆ. ಮೊದಲನೆಯದನ್ನು ಆರಿಸಿದರೆ ಸಂಪರ್ಕ ಕಡಿದಾಗಲೆಲ್ಲ ನೆರೆಯ ಎಚ್ಚರಿಕೆ ಹೊರಡುತ್ತದೆ. ಆದ್ದರಿಂದ ಮಳೆಗೆ ಒಂದು, ದತ್ತಾಂಶ ನಿಂತುಹೋದುದಕ್ಕೆ ಇನ್ನೊಂದು ಎಂದು ಎರಡು ಅಲಾರ್ಮ್‌ಗಳನ್ನು ಪ್ರತ್ಯೇಕವಾಗಿ ರಚಿಸಿ, ಎರಡನೆಯದರ ಸೂಚನೆಯನ್ನು ಯಂತ್ರ ದುರಸ್ತಿ ಮಾಡುವವರಿಗೆ ಕಳುಹಿಸುವುದು ಸೂಕ್ತ.

ಸೂಚನೆ ಮತ್ತು ಪರೀಕ್ಷೆ

ಕ್ಲೌಡ್‌ವಾಚ್ ಸಾಮಾನ್ಯವಾಗಿ ಸಿಂಪಲ್ ನೋಟಿಫಿಕೇಶನ್ ಸರ್ವಿಸ್ ಮೂಲಕ ಇಮೇಲ್ ಅಥವಾ ಎಸ್‌ಎಂಎಸ್ ಕಳುಹಿಸುತ್ತದೆ. ಇಮೇಲ್ ವಿಳಾಸವನ್ನು ಕೋಡ್‌ನಲ್ಲಿ ಸೇರಿಸಿದ ಮಾತ್ರಕ್ಕೆ ಸಂದೇಶ ತಲುಪುವುದಿಲ್ಲ. ಆ ವಿಳಾಸದವರು ತಮಗೆ ಬಂದ ಕೊಂಡಿಯನ್ನು ತೆರೆದು ಒಪ್ಪಿಗೆ ನೀಡಬೇಕು. ಸೂಚನೆಯು ಸ್ಥಿತಿ ಬದಲಾದಾಗ ಮಾತ್ರ ಹೊರಡುತ್ತದೆ. ಅಲಾರ್ಮ್ ಸ್ಥಿತಿಯು ರಾತ್ರಿಯಿಡೀ ಮುಂದುವರಿದರೂ ಅದು ತಾನಾಗಿ ಮರುಕಳಿಸುವುದಿಲ್ಲ. ಮೊದಲ ಸಂದೇಶ ಬಂದಾಗ ನಿದ್ರೆಯಲ್ಲಿದ್ದವರಿಗೆ ಎರಡನೆಯದು ಬಾರದು. ಈ ಕಾರಣದಿಂದ ಒಬ್ಬರಿಗಿಂತ ಹೆಚ್ಚು ಮಂದಿಯನ್ನು ಪಟ್ಟಿಯಲ್ಲಿ ಸೇರಿಸಲಾಗುತ್ತದೆ.

'ಸೆಟ್ ಅಲಾರ್ಮ್ ಸ್ಟೇಟ್' ಆಜ್ಞೆಯಿಂದ ಅಲಾರ್ಮನ್ನು ತಾತ್ಕಾಲಿಕವಾಗಿ ಬೇಕಾದ ಸ್ಥಿತಿಗೆ ತರಬಹುದು. ಮುಂದಿನ ಪರಿಶೀಲನೆಯಲ್ಲಿ ಅದು ತನ್ನ ನಿಜ ಸ್ಥಿತಿಗೆ ಮರಳುತ್ತದೆ. ಮಳೆಗಾಲಕ್ಕೆ ಮುಂಚೆ ಹೀಗೆ ಪರೀಕ್ಷಿಸಿದರೆ ಸಂದೇಶವು ಕೊನೆಯ ವ್ಯಕ್ತಿಯ ಫೋನಿನವರೆಗೂ ತಲುಪುತ್ತದೆಯೇ ಎಂಬುದು ಖಚಿತವಾಗುತ್ತದೆ.

ಇತಿಮಿತಿಗಳು

ಅಲಾರ್ಮ್ ತನಗೆ ಬರೆದುಕೊಟ್ಟ ಸಂಖ್ಯೆಯನ್ನಷ್ಟೇ ಹೋಲಿಸುತ್ತದೆ. ಆ ಸಂಖ್ಯೆ ಸರಿಯೇ ಎಂಬುದನ್ನು ಅರಿಯದು. ನೆಲ ಒಣಗಿರುವಾಗ ಅಪಾಯವಲ್ಲದ ಮಳೆಯು, ಎರೆಮಣ್ಣು ನೀರು ಕುಡಿದು ತಣಿದ ನಂತರ ನೆರೆಗೆ ಕಾರಣವಾಗಬಹುದು. 2009 ಮತ್ತು 2019ರಲ್ಲಿ ಮಲಪ್ರಭಾ ಕಣಿವೆ ಕಂಡ ಪ್ರವಾಹಗಳಂಥ ಅನುಭವಗಳ ಬೆಳಕಿನಲ್ಲಿ ಮಿತಿಗಳನ್ನು ಮತ್ತೆ ಮತ್ತೆ ತಿದ್ದಬೇಕಾಗುತ್ತದೆ. ಹಳ್ಳದ ಸ್ವಭಾವ ಬಲ್ಲ ಸ್ಥಳೀಯರ ತಿಳಿವಳಿಕೆ ಈ ತಿದ್ದುಪಡಿಗೆ ಅಗತ್ಯ. ಮಿತಿಯು ಕೋಡ್‌ನಲ್ಲಿ ಎಲ್ಲರಿಗೂ ಕಾಣುವಂತೆ ಇದ್ದರೆ ಅವರ ಮಾತನ್ನು ಅಲ್ಲಿ ಅಳವಡಿಸುವುದು ಸುಲಭ.