ಗುಜರಿ ಕಾರಿನ ದರದ ಚರಿತ್ರೆ

ಓಡಲಾರದ ಕಾರಿಗೆ ಎಷ್ಟು ಸಿಗಬೇಕು ಎಂಬುದನ್ನು ಭಾರತದಲ್ಲಿ ಬೇರೆ ಬೇರೆ ಕಾಲಕ್ಕೆ ಬೇರೆ ಬೇರೆ ಸಂಗತಿಗಳು ತೀರ್ಮಾನಿಸಿವೆ. ಮೊದಲು ಬಿಡಿಭಾಗಗಳ ಅಭಾವ, ನಂತರ ಕಬ್ಬಿಣದ ತೂಕ, ಇತ್ತೀಚೆಗೆ ಸರ್ಕಾರ ಮಾನ್ಯ ಮಾಡುವ ಒಂದು ಪ್ರಮಾಣಪತ್ರ. ಒಂದು ಬಂದಾಗ ಇನ್ನೊಂದು ಪೂರ್ತಿ ಹೋಗಲಿಲ್ಲ. ಇವತ್ತಿನ ಗುಜರಿ ದರದಲ್ಲಿ ಮೂರೂ ಬೆರೆತಿವೆ, ಹಾಗಾಗಿಯೇ ಅದನ್ನು ಲೆಕ್ಕ ಹಾಕುವುದು ಮಾಲೀಕನಿಗೆ ಕಷ್ಟ.

ಈ ವ್ಯಾಪಾರದ ಬೇರು ಅಭಾವದಲ್ಲಿದೆ. ಜನರಲ್ ಮೋಟರ್ಸ್ ಕಂಪನಿ 1928ರಲ್ಲಿ ಮುಂಬೈನ ಸೇವ್ರಿಯಲ್ಲಿ ಕಾರು ಜೋಡಿಸುವ ಕಾರ್ಖಾನೆ ತೆರೆಯಿತು. ಫೋರ್ಡ್ ಕೂಡ ಭಾರತದಲ್ಲಿ ಜೋಡಣೆ ನಡೆಸುತ್ತಿತ್ತು. ಸ್ವಾತಂತ್ರ್ಯದ ನಂತರ, 1953ರ ಹೊತ್ತಿಗೆ, ದೇಶದೊಳಗೆ ಹಂತ ಹಂತವಾಗಿ ಕಾರು ತಯಾರಿಸುವ ಯೋಜನೆ ಇಲ್ಲದ ಕಂಪನಿಗಳಿಗೆ ಜಾಗವಿಲ್ಲ ಎಂಬ ನೀತಿ ಗಟ್ಟಿಯಾಯಿತು. ಎರಡೂ ಅಮೆರಿಕನ್ ಕಂಪನಿಗಳು ಜಾಗ ಖಾಲಿ ಮಾಡಿದವು. ಅವು ಮಾರಿದ್ದ ಕಾರುಗಳು ಮಾತ್ರ ರಸ್ತೆಯ ಮೇಲೇ ಉಳಿದವು. ಷೆವರ್ಲೆಯ ಆಕ್ಸಲ್ ಮುರಿದರೆ, ಫೋರ್ಡಿನ ಗೇರ್‌ಬಾಕ್ಸ್ ಕೆಟ್ಟರೆ ಹೊಸದನ್ನು ತರಿಸಲು ಆಮದು ಪರವಾನಗಿ ಬೇಕಿತ್ತು. ಅದರ ಬದಲು ಅಂಥದೇ ಇನ್ನೊಂದು ಸತ್ತ ಕಾರನ್ನು ಹುಡುಕುವುದು ಸುಲಭವಾಗಿತ್ತು. ಕೋಲ್ಕತ್ತದ ಮಲ್ಲಿಕ್ ಬಜಾರ್, ಮುಂಬೈನ ಕುರ್ಲಾ, ಚೆನ್ನೈನ ಪುದುಪೇಟೆ, ಬೆಂಗಳೂರಿನ ಶಿವಾಜಿನಗರದ ಗುಜರಿ ಬೀದಿಗಳಿಗೆ ಹೆಸರು ಬಂದದ್ದು ಇಂಥ ವ್ಯಾಪಾರದಿಂದ.

ಈ ಬೀದಿಗಳಲ್ಲಿ ಒಡೆಯಲು ಬಂದ ಕಾರು ಒಬ್ಬನ ಕೈಯಲ್ಲಿ ಉಳಿಯುತ್ತಿರಲಿಲ್ಲ. ಎಂಜಿನ್ ಒಂದು ಅಂಗಡಿಗೆ, ಗಾಜು ಇನ್ನೊಂದಕ್ಕೆ, ಡೈನಮೊ ಮತ್ತು ಸ್ಟಾರ್ಟರ್ ಮೋಟಾರು ಮರು ಸುತ್ತುವವನಿಗೆ, ಸೀಟಿನ ಸ್ಪ್ರಿಂಗು ಮತ್ತೊಬ್ಬನಿಗೆ ಹೋಗುತ್ತಿತ್ತು. ಕೊನೆಗೆ ಉಳಿದ ಅಸ್ಥಿಪಂಜರ ಮಾತ್ರ ತಕ್ಕಡಿ ಏರುತ್ತಿತ್ತು. ಹಾಗಾಗಿ ಕಾರು ಕೊಳ್ಳುವವನು ಮೊದಲು ಕೇಳುತ್ತಿದ್ದುದು ತೂಕವನ್ನಲ್ಲ, ಯಾವ ಮಾಡೆಲ್ ಎಂಬುದನ್ನು. ಬೇಡಿಕೆಯಿರುವ ಮಾಡೆಲ್‌ನ ಕೆಟ್ಟ ಕಾರಿಗೆ, ಬೇಡಿಕೆಯಿಲ್ಲದ ಮಾಡೆಲ್‌ನ ಓಡುವ ಕಾರಿಗಿಂತ ಹೆಚ್ಚು ಕೊಟ್ಟರೂ ಅಲ್ಲಿ ಯಾರಿಗೂ ವಿಚಿತ್ರ ಅನ್ನಿಸುತ್ತಿರಲಿಲ್ಲ.

ಕಾರು ತಯಾರಿಕೆಗೆ ಸರ್ಕಾರದ ಪರವಾನಗಿ ಬೇಕಿದ್ದ ಲೈಸೆನ್ಸ್ ಕಾಲದ ದೇಶೀ ಕಾರುಗಳು ಈ ಲೆಕ್ಕಾಚಾರವನ್ನು ಇನ್ನಷ್ಟು ಗಟ್ಟಿ ಮಾಡಿದವು. ಮಾರಿಸ್ ಆಕ್ಸ್‌ಫರ್ಡ್ ಮೂಲದ ಅಂಬಾಸಿಡರ್ 1950ರ ದಶಕದ ಕೊನೆಯಲ್ಲಿ ಬಂದು, ಹೊರ ರೂಪ ಹೆಚ್ಚು ಬದಲಾಗದೆ, 2014ರವರೆಗೆ ತಯಾರಾಯಿತು. ಫಿಯೆಟ್ ಮೂಲದ ಪ್ರೀಮಿಯರ್ ಪದ್ಮಿನಿಯೂ ದಶಕಗಳ ಕಾಲ ಬಹುತೇಕ ಒಂದೇ ಆಗಿತ್ತು. ಒಂದು ಅಂಬಾಸಿಡರ್‌ನ ಬಾಗಿಲು ಹತ್ತು ವರ್ಷ ಚಿಕ್ಕದಾದ ಇನ್ನೊಂದಕ್ಕೆ ಕೂರುತ್ತಿದ್ದ ದಿನಗಳಲ್ಲಿ ಬಿಡಿಭಾಗ ಹಳತಾಗಿ ವ್ಯರ್ಥವಾಗುವ ಭಯವೇ ವ್ಯಾಪಾರಿಗಿರಲಿಲ್ಲ. ಅವನು ಧೈರ್ಯವಾಗಿ ದಾಸ್ತಾನು ಮಾಡುತ್ತಿದ್ದ, ಧೈರ್ಯವಾಗಿ ದರವನ್ನೂ ಹೇಳುತ್ತಿದ್ದ.

ಆ ದರದಲ್ಲಿ ಕತ್ತಲೆಯ ಪಾಲೂ ಇತ್ತು. ಆರ್‌ಸಿ ಪುಸ್ತಕ ಸಮೇತ ಕಾರು ಕೊಟ್ಟರೆ ಹೆಚ್ಚು ಹಣ ಸಿಗುತ್ತಿದ್ದ ವ್ಯವಹಾರಗಳ ಗುಟ್ಟು ಸರಳ: ಒಡೆದ ಕಾರಿನ ನಂಬರನ್ನು ಕದ್ದ ಕಾರಿಗೆ ಹಚ್ಚಬಹುದು. ಉತ್ತರ ಪ್ರದೇಶದ ಮೇರಠ್‌ನ ಸೋತಿಗಂಜ್ ಮಾರುಕಟ್ಟೆ ಕದ್ದ ವಾಹನಗಳನ್ನು ಒಡೆಯುವುದಕ್ಕೇ ಕುಖ್ಯಾತವಾಗಿ, ಕೊನೆಗೆ 2021ರ ಡಿಸೆಂಬರ್‌ನಲ್ಲಿ ಪೊಲೀಸರು ಅದನ್ನು ಮುಚ್ಚಿಸಿದರು. 1988ರ ಮೋಟಾರು ವಾಹನ ಕಾಯ್ದೆಯ 55ನೇ ಕಲಂ ಪ್ರಕಾರ ವಾಹನ ನಾಶವಾದರೆ ಅಥವಾ ಶಾಶ್ವತವಾಗಿ ಬಳಕೆಗೆ ಬಾರದಂತಾದರೆ ಮಾಲೀಕ 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ ಆರ್‌ಸಿ ಒಪ್ಪಿಸಬೇಕು. ಬಹಳ ಜನ ಇದನ್ನು ಮಾಡಲೇ ಇಲ್ಲ. ನೋಂದಣಿ ರದ್ದಾಗದಿದ್ದರೆ ಕಾಗದದ ಮೇಲೆ ಕಾರಿನ ಮಾಲೀಕ ಅವನೇ. ಆ ನಂಬರಿನಿಂದ ನಡೆದ ಅಪಘಾತ, ಅಪರಾಧಗಳ ವಿಚಾರಣೆ ಅವನ ಮನೆ ಬಾಗಿಲಿಗೇ ಬರುತ್ತದೆ. ಗುಜರಿಯವನು ಮೇಲೆ ಕೊಟ್ಟ ನಾಲ್ಕು ಕಾಸು ಈ ಅಪಾಯದ ಬೆಲೆ ಎಂಬುದು ಮಾರುವವನಿಗೆ ಅಪರೂಪಕ್ಕೆ ಹೊಳೆಯುತ್ತಿತ್ತು.

ಬಿಡಿಭಾಗದ ಲೆಕ್ಕ ಸಡಿಲವಾದದ್ದು ಮಾರುತಿಯ ನಂತರ. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು, 1993ರಲ್ಲಿ ಕಾರು ಉದ್ಯಮಕ್ಕೆ ಪರವಾನಗಿಯ ಕಟ್ಟುಪಾಡು ಹೋಯಿತು. ಹೊಸ ಬಿಡಿಭಾಗಗಳು ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಸಲೀಸಾಗಿ ದೊರೆತವು. ಮಾಡೆಲ್‌ಗಳು ಬೇಗ ಬೇಗ ಬದಲಾದವು. ಒಂದರ ಹೆಡ್‌ಲೈಟು ಇನ್ನೊಂದಕ್ಕೆ ಹೊಂದಲಿಲ್ಲ. ದಾಸ್ತಾನು ಮಾಡುವುದು ಜೂಜಾಯಿತು. ಸಾಮಾನ್ಯ ಕಾರಿಗೆ ತಕ್ಕಡಿಯೇ ಆಧಾರವಾದದ್ದು ಆಗ.

ತಕ್ಕಡಿಯ ದರ ಹುಟ್ಟುವುದು ಗುಜರಿ ಅಂಗಡಿಯಲ್ಲಲ್ಲ. ಒಡೆದ ಕಬ್ಬಿಣ ಪಂಜಾಬಿನ ಮಂಡಿ ಗೋಬಿಂದಗಢ, ಮಹಾರಾಷ್ಟ್ರದ ಜಾಲ್ನಾದಂಥ ಊರುಗಳ ಇಂಡಕ್ಷನ್ ಕುಲುಮೆಗಳಿಗೆ ಹೋಗಿ, ಕರಗಿ, ಕಟ್ಟಡದ ಕಂಬಿಯಾಗುತ್ತದೆ. ಭಾರತ ಹೊರದೇಶಗಳಿಂದಲೂ ಗುಜರಿ ಉಕ್ಕು ತರಿಸುವುದರಿಂದ ಇಲ್ಲಿನ ದರ ವಿಶ್ವ ಮಾರುಕಟ್ಟೆಯ ಜೊತೆ ಏರಿಳಿಯುತ್ತದೆ. 2008ರ ನಡುವೆ ಉತ್ತುಂಗ ಮುಟ್ಟಿದ್ದ ದರ ಅದೇ ವರ್ಷದ ಕೊನೆಗೆ ಅರ್ಧಕ್ಕಿಂತ ಕೆಳಗೆ ಕುಸಿಯಿತು. ಜೂನ್‌ನಲ್ಲಿ ಮಾರಿದವನಿಗೂ ಡಿಸೆಂಬರ್‌ನಲ್ಲಿ ಮಾರಿದವನಿಗೂ ಸಿಕ್ಕ ಹಣದ ಅಂತರಕ್ಕೆ ಚೌಕಾಸಿಯ ಜಾಣತನ ಕಾರಣವಾಗಿರಲಿಲ್ಲ.

ತೂಕದ ಲೆಕ್ಕದಲ್ಲೂ ಒಳಗುಟ್ಟುಗಳಿವೆ. ಮಾರುತಿ 800 ಸುಮಾರು 650 ಕಿಲೊ, ಅಂಬಾಸಿಡರ್ ಒಂದು ಟನ್ನಿಗೂ ಹೆಚ್ಚು. ಅಷ್ಟೂ ಕಬ್ಬಿಣವಲ್ಲ, ರಬ್ಬರು, ಗಾಜು, ಪ್ಲಾಸ್ಟಿಕ್, ಸೀಟಿನ ಫೋಮ್ ಕಳೆದರೆ ಉಳಿಯುವುದು ಮೂರರಲ್ಲಿ ಎರಡು ಪಾಲಿನ ಆಸುಪಾಸು. ಆದರೆ ತಾಮ್ರ, ಅಲ್ಯೂಮಿನಿಯಂ, ಸೀಸಗಳಿಗೆ ಕಿಲೊ ದರ ಕಬ್ಬಿಣಕ್ಕಿಂತ ಎಷ್ಟೋ ಪಾಲು ಹೆಚ್ಚು. ಹಳೆಯ ಕಾರುಗಳ ರೇಡಿಯೇಟರು ತಾಮ್ರ ಮತ್ತು ಹಿತ್ತಾಳೆಯದು, ಬ್ಯಾಟರಿ ಸೀಸದ್ದು, ಅಲಾಯ್ ಚಕ್ರಗಳು ಅಲ್ಯೂಮಿನಿಯಂನವು. ಇಡೀ ಕಾರನ್ನು ಕಬ್ಬಿಣದ ದರಕ್ಕೆ ತೂಗಿ ಕೊಳ್ಳುವವನ ಲಾಭ ಇವುಗಳಲ್ಲಿ ಅಡಗಿತ್ತು.

1995ರ ಏಪ್ರಿಲ್‌ನಿಂದ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕೆಟಲಿಟಿಕ್ ಕನ್ವರ್ಟರ್ ಕಡ್ಡಾಯವಾದಾಗ ಇನ್ನೊಂದು ಗುಪ್ತಧನ ಸೇರಿತು. ಹೊಗೆಕೊಳವೆಯ ನಡುವೆ ಕೂರುವ ಈ ಡಬ್ಬಿಯ ಒಳಗೆ ಪ್ಲಾಟಿನಂ, ಪೆಲ್ಲೇಡಿಯಂ, ರೋಡಿಯಂಗಳ ತೆಳು ಲೇಪವಿರುತ್ತದೆ. ಪ್ರಮಾಣ ಕೆಲವೇ ಗ್ರಾಂ. ಆದರೂ ಈ ಲೋಹಗಳು ದುಬಾರಿ, ಹಾಗಾಗಿ ಕನ್ವರ್ಟರ್ ಇಲ್ಲದ, ಬ್ಯಾಟರಿ ಕಳಚಿದ ಕಾರಿಗೆ ದರ ಇಳಿಯುವುದು ಸಕಾರಣ. ಕಾರು ಒಡೆಯುವವನು ಮೊದಲು ತಗ್ಗಿ ಕೆಳಗೆ ನೋಡುವುದು ಇದಕ್ಕೇ.

ಮುಂದಿನ ವರ್ಷಗಳಲ್ಲಿ ಒಡೆಯುವ ಕೆಲಸದ ಅಪಾಯಗಳೂ ಬಯಲಾದವು. 1970ರ ದಶಕದಲ್ಲಿ ದೆಹಲಿಯ ಮೋತಿಯಾ ಖಾನ್‌ನಿಂದ ವರ್ಗವಾದ ಮಾಯಾಪುರಿ ಗುಜರಿ ಮಾರುಕಟ್ಟೆಗೆ 2010ರಲ್ಲಿ ವಿಶ್ವವಿದ್ಯಾಲಯವೊಂದು ಹರಾಜು ಹಾಕಿದ ಹಳೆಯ ಯಂತ್ರದ ಜೊತೆ ಕೋಬಾಲ್ಟ್-60 ಬಂದು, ವಿಕಿರಣದಿಂದ ಒಬ್ಬ ಕಾರ್ಮಿಕ ಸತ್ತ. ಅದು ಕಾರಿನ ಪ್ರಕರಣವಲ್ಲ. ಆದರೆ ಎಣ್ಣೆ, ಆಸಿಡ್ಡು, ಎಸಿ ಅನಿಲವನ್ನು ಬರಿಗೈಯಲ್ಲಿ ನಿಭಾಯಿಸುವ ಬೀದಿಗಳ ಕಡೆ ಸರ್ಕಾರದ ಕಣ್ಣು ತಿರುಗಿತು. ಇನ್ನೊಂದು ಕಡೆ, ಹೊಗೆಯ ಮಾಲಿನ್ಯ ತಡೆಯಲು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2014 ಮತ್ತು 2015ರ ಆದೇಶಗಳಲ್ಲಿ ದೆಹಲಿ ಸುತ್ತ 15 ವರ್ಷ ಮೀರಿದ ಪೆಟ್ರೋಲ್, 10 ವರ್ಷ ಮೀರಿದ ಡೀಸೆಲ್ ವಾಹನಗಳನ್ನು ತಡೆದದ್ದು, ಸುಪ್ರೀಂ ಕೋರ್ಟ್ 2018ರಲ್ಲಿ ಅದನ್ನು ಎತ್ತಿಹಿಡಿದದ್ದು ದರದ ಲೆಕ್ಕವನ್ನೇ ತಿರುವುಮುರುವು ಮಾಡಿತು. ಹತ್ತು ವರ್ಷ ದಾಟಿದರೆ ಚೆನ್ನಾಗಿ ಓಡುವ ಡೀಸೆಲ್ ಕಾರೂ ದೆಹಲಿಯಲ್ಲಿ ಗುಜರಿಯಾಗುತ್ತಿತ್ತು, ನಿರಾಕ್ಷೇಪಣಾ ಪತ್ರ (ಎನ್‌ಒಸಿ) ತಂದರೆ ಬೇರೆ ರಾಜ್ಯದಲ್ಲಿ ಸೆಕೆಂಡ್ ಹ್ಯಾಂಡ್ ಕಾರಾಗುತ್ತಿತ್ತು. ಮುಂಬೈಯಲ್ಲಿ ವಯೋಮಿತಿ ಟ್ಯಾಕ್ಸಿಗಳಿಗಿತ್ತು. 2003ರ ಅಕ್ಟೋಬರ್‌ನಲ್ಲಿ ನೋಂದಣಿಯಾದ ಕೊನೆಯ ಪದ್ಮಿನಿ ಟ್ಯಾಕ್ಸಿ 20 ವರ್ಷ ಮುಗಿಸಿ 2023ರ ಅಕ್ಟೋಬರ್‌ನಲ್ಲಿ ಇಳಿಯಿತು.

ಮಹೀಂದ್ರಾ ಸಮೂಹ ಮತ್ತು ಸರ್ಕಾರಿ ಸಂಸ್ಥೆ ಎಂಎಸ್‌ಟಿಸಿ ಸೇರಿ 2018ರಲ್ಲಿ ಗ್ರೇಟರ್ ನೊಯ್ಡಾದಲ್ಲಿ ಸಂಘಟಿತ ಘಟಕ ತೆರೆದವು. 2021ರ ಆಗಸ್ಟ್‌ನಲ್ಲಿ ಕೇಂದ್ರದ ಗುಜರಿ ನೀತಿ ಜಾರಿಗೆ ಬಂತು, ಸೆಪ್ಟೆಂಬರ್‌ನಲ್ಲಿ ನೋಂದಾಯಿತ ಘಟಕಗಳ ನಿಯಮಗಳು ಬಂದವು. ಘಟಕ ಕಾರು ಪಡೆದಾಗ ಮಾಲೀಕನಿಗೆ ಠೇವಣಿ ಪ್ರಮಾಣಪತ್ರ ಕೊಡಬೇಕು. ಅದನ್ನು ತೋರಿಸಿದರೆ ಹೊಸ ವಾಹನದ ನೋಂದಣಿ ಶುಲ್ಕ ಮಾಫಿ. ರಾಜ್ಯಗಳು ಖಾಸಗಿ ವಾಹನಕ್ಕೆ ಶೇ 25ರವರೆಗೆ, ಸಾರಿಗೆ ವಾಹನಕ್ಕೆ ಶೇ 15ರವರೆಗೆ ತೆರಿಗೆ ರಿಯಾಯಿತಿ ಕೊಡಬಹುದು. ಪತ್ರವನ್ನು ಬೇರೆಯವರಿಗೆ ವರ್ಗಾಯಿಸಲೂಬಹುದು. ಇದೇ ಹೊತ್ತಿಗೆ ಹಳೆ ಕಾರು ಇಟ್ಟುಕೊಳ್ಳುವುದೂ ದುಬಾರಿಯಾಯಿತು: 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿ ಆಯಿತು.

ನೀತಿ ಅಂದಾಜಿಸಿದ ಗುಜರಿ ಮೌಲ್ಯ ಹೊಸ ಕಾರಿನ ಷೋರೂಂ ಬೆಲೆಯ ಶೇ 4ರಿಂದ 6. ಐದು ಲಕ್ಷದ ಕಾರಿಗೆ ಅದು 20ರಿಂದ 30 ಸಾವಿರ. ಇನ್ನೊಂದು ಕಡೆ, ಹತ್ತು ಲಕ್ಷದ ಹೊಸ ಕಾರಿಗೆ ಶೇ 14 ಜೀವಿತಾವಧಿ ತೆರಿಗೆಯಿದ್ದು ರಾಜ್ಯವು ಅದರಲ್ಲಿ ಕಾಲು ಭಾಗ ಬಿಟ್ಟರೆ ಉಳಿಯುವುದು 35 ಸಾವಿರ. ಹಾಗಾದಾಗ ಹಾಳೆ ಕಬ್ಬಿಣಕ್ಕಿಂತ ಭಾರ. ಹೊಸ ಕಾರು ಕೊಳ್ಳದವನಿಗೆ ಮಾತ್ರ ಈ ಲಾಭ ನೇರವಾಗಿ ದಕ್ಕುವುದಿಲ್ಲ. ಅವನು ಪತ್ರವನ್ನು ಮಾರಬೇಕು, ಇಲ್ಲವೇ ಇನ್ನೂ ಎರಡು ಕಡೆ ವಿಚಾರಿಸಿ, ಕಾರನ್ನು ಬಿಡಿಭಾಗ ಸಮೇತ ತೂಗಿಸಿ, ಹಳೆಯ ರೀತಿಯಲ್ಲೇ ಚೌಕಾಸಿ ಮಾಡಬೇಕು.

2025ರ ಏಪ್ರಿಲ್‌ನಿಂದ ಆಯಸ್ಸು ಮುಗಿದ ವಾಹನಗಳ ಹೊಸ ಪರಿಸರ ನಿಯಮಗಳು ಜಾರಿಯಲ್ಲಿವೆ. ತಾವು ಹಿಂದೆ ಮಾರಿದ ವಾಹನಗಳ ಉಕ್ಕಿನಲ್ಲಿ ಇಂತಿಷ್ಟು ಪಾಲು ಮರಳಿ ಬಳಕೆಗೆ ಬಂದಿದೆ ಎಂದು ತಯಾರಕರು ಪ್ರಮಾಣಪತ್ರ ಕೊಂಡು ತೋರಿಸಬೇಕು; ಆ ಪತ್ರ ಹುಟ್ಟುವುದು ಕಾರು ಒಡೆಯುವ ನೋಂದಾಯಿತ ಘಟಕದಲ್ಲಿ. ಘಟಕಕ್ಕೆ ಅದರಿಂದ ಬರುವ ಆದಾಯ ಮಾಲೀಕನ ರಸೀದಿಯಲ್ಲಿ ನಮೂದಾಗುವುದಿಲ್ಲ. ಅದರಲ್ಲಿ ಎಷ್ಟು ಪಾಲು ಕಾರಿನ ದರಕ್ಕೆ ಸೇರುತ್ತದೆ ಎಂಬುದು ಆಯಾ ಊರಿನಲ್ಲಿ ಘಟಕಗಳ ನಡುವಿನ ಪೈಪೋಟಿಗೆ ಬಿಟ್ಟದ್ದು.