ಎಡೆಯ ಪಕ್ಕ ಒಂದು ಹಿಡಿ ಹುರುಳಿ

ಕಾಶಿ ಹಿಂದೂ ವಿಶ್ವವಿದ್ಯಾಲಯದ ಮೊದಲ ಕುಲಾಧಿಪತಿ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರ್. ಅಲ್ಲಿ ಓದಲು ಹೋದ ಕನ್ನಡಿಗರಿಗೆ ಇದು ಬೇಗ ಗೊತ್ತಾಗುತ್ತದೆ, ನಮಗೆ ಒಂದಿಷ್ಟು ಹೆಮ್ಮೆಯೂ ಆಗುತ್ತದೆ. ನಾನು ಎಂಟೆಕ್ ಮಾಡಿದ ಎಂಜಿನಿಯರಿಂಗ್ ಕಾಲೇಜಿಗೂ ಮಹಾರಾಜರ ನಂಟಿದೆ. 1919ರ ಜನವರಿ 19ರಂದು ವಿಶ್ವವಿದ್ಯಾಲಯದ ಮೊದಲ ಘಟಿಕೋತ್ಸವಕ್ಕೆ ಬಂದಿದ್ದ ಅವರು ಕಾಲೇಜಿನ ವರ್ಕ್‌ಶಾಪ್ ಕಟ್ಟಡವನ್ನು ಉದ್ಘಾಟಿಸಿದರು.

ಆ ದಿನ ಅದೇ ಮಹಾರಾಜರ ಅಶ್ವದಳ ಇನ್ನೂ ಊರಿಗೆ ಮರಳಿರಲಿಲ್ಲ. ಅದರಲ್ಲಿ ನಮ್ಮ ಅಜ್ಜಿಯ ದೊಡ್ಡಪ್ಪನೂ ಒಬ್ಬರು. ಮನೆಯಲ್ಲಿ ಎಲ್ಲರೂ ಅವರನ್ನು ಕರೆಯುವುದು ‘ಕುದುರೆ ತಾತ’ ಎಂದೇ.

ಮೈಸೂರು ಲ್ಯಾನ್ಸರ್ಸ್ ಕಟ್ಟಿದ್ದು 1892ರಲ್ಲಿ, ಚಾಮರಾಜ ಒಡೆಯರ ಕಾಲದಲ್ಲಿ. ಮೊದಲ ಮಹಾಯುದ್ಧ ಶುರುವಾದಾಗ ನಾಲ್ವಡಿಯವರು ಯುದ್ಧದ ಖರ್ಚಿಗೆಂದು 50 ಲಕ್ಷ ರೂಪಾಯಿ ಕೊಟ್ಟರು, ಜೊತೆಗೆ ಈ ದಳವನ್ನೂ ಕಳಿಸಿದರು. 1914ರ ಅಕ್ಟೋಬರಿನಲ್ಲಿ ಹೊರಟ ಸವಾರರು ಈಜಿಪ್ಟ್ ಸೇರಿ ಮೊದಲು ಸೂಯೆಜ್ ಕಾಲುವೆ ಕಾದರು, ಆಮೇಲೆ ಮರಳುಗಾಡು ದಾಟಿ ಪ್ಯಾಲೆಸ್ಟೈನ್ ಕಡೆ ನಡೆದರು. ಜೋಧಪುರ ಮತ್ತು ಹೈದರಾಬಾದಿನ ಲ್ಯಾನ್ಸರ್ಸ್ ಇವರದೇ ಬ್ರಿಗೇಡಿನಲ್ಲಿದ್ದರು. ರಾಗಿಮುದ್ದೆ ಉಂಡು ಬೆಳೆದ ಹುಡುಗರಿಗೆ ನಾಲ್ಕು ವರ್ಷ ಮರಳು, ಗಾಳಿ, ಕುದುರೆಗೆ ನೀರು ಹುಡುಕುವ ಕೆಲಸ.

1918ರ ಸೆಪ್ಟೆಂಬರ್ 23, ಹೈಫಾ. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ಹೊಳೆಯ ಕೆಸರು. ಬೆಟ್ಟದ ಮೇಲೆ ಫಿರಂಗಿ, ಕೆಳಗೆ ಮೆಷಿನ್‌ಗನ್. ಮೈಸೂರಿನ ಒಂದು ತುಕಡಿ ಫಿರಂಗಿಗಳನ್ನು ಹಿಡಿಯಲು ಬೆಟ್ಟ ಹತ್ತಿತು. ಮಧ್ಯಾಹ್ನ ಎರಡು ಗಂಟೆಗೆ ಮೇಜರ್ ದಲಪತ್ ಸಿಂಗ್ ಅವರ ಜೋಧಪುರದ ದಳ ಭರ್ಜಿ ಹಿಡಿದು ಊರಿನತ್ತ ನುಗ್ಗಿತು, ಮೈಸೂರಿನವರು ಬೆನ್ನಿಗಿದ್ದರು. ದಲಪತ್ ಸಿಂಗ್ ಅಲ್ಲೇ ಮಡಿದರು. ಸಂಜೆಯ ಹೊತ್ತಿಗೆ ಹೈಫಾ ಕೈಗೆ ಬಂದಿತ್ತು: 1350 ಸೆರೆಯಾಳುಗಳು, 17 ಫಿರಂಗಿ, 11 ಮೆಷಿನ್‌ಗನ್. ನಮ್ಮ ಕಡೆ ಸತ್ತವರು 8 ಮಂದಿ, ಗಾಯಗೊಂಡವರು 34.

ವಿಜಯದ ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಅದೇ ಲೆಕ್ಕದಲ್ಲಿ ಇನ್ನೊಂದು ಸಾಲಿದೆ. ಸತ್ತ ಕುದುರೆಗಳು 60, ಗಾಯಗೊಂಡವು 83. ಅಂದರೆ ಮನುಷ್ಯರಿಗೆ ಬೀಳಬೇಕಿದ್ದ ಗುಂಡುಗಳಲ್ಲಿ ಎಷ್ಟೋ ಕುದುರೆಗಳಿಗೆ ಬಿದ್ದವು. ತಾತನ ಕುದುರೆ ಆ 60ರಲ್ಲಿ ಒಂದು.

ತಾತ ಬದುಕಿ ಬಂದರು, ಬೇಸಾಯಕ್ಕೆ ಇಳಿದರು. ಯುದ್ಧದ ಮಾತು ಆಡುತ್ತಿರಲಿಲ್ಲವಂತೆ. ಆದರೆ ಹಿರಿಯರ ಹಬ್ಬದ ದಿನ ಎಲೆ ಹಾಕಿ ಎಡೆ ಇಡುವಾಗ ಎಲ್ಲ ಎಡೆಗಳ ಪಕ್ಕದಲ್ಲಿ ಒಂದು ಮುತ್ತುಗದ ಎಲೆ ಹಾಕಿ, ಅದರ ಮೇಲೆ ನೆನೆಸಿದ ಹುರುಳಿಯನ್ನು ಒಂದು ಹಿಡಿ ಇಡುತ್ತಿದ್ದರು. ‘ಯಾರಿಗೆ ಇದು?’ ಎಂದರೆ ‘ನನ್ನ ಹೊತ್ತವನಿಗೆ’ ಎನ್ನುತ್ತಿದ್ದರು. ಅವರು ಹೋದ ಮೇಲೂ ಅಜ್ಜಿ ಅದನ್ನು ಬಿಡಲಿಲ್ಲ.

ನಾನು ಇದನ್ನು ಚಿಕ್ಕಂದಿನಿಂದ ನೋಡಿದ್ದರೂ ಕೇಳಿ ತಿಳಿದದ್ದು ಕಾಶಿಯಿಂದ ಮಾಡಿದ ಎಸ್‌ಟಿಡಿ ಕಾಲ್‌ನಲ್ಲಿ. ಅಲ್ಲಿ ಕಾರ್ತಿಕ ಮಾಸವಿಡೀ ಘಾಟ್‌ಗಳಲ್ಲಿ ಎತ್ತರದ ಬಿದಿರುಗಳಿಗೆ ಬುಟ್ಟಿ ಕಟ್ಟಿ ಆಕಾಶದೀಪ ಹಚ್ಚುತ್ತಾರೆ. ಪಿತೃಗಳಿಗೆ ದಾರಿ ಕಾಣಲಿ ಎಂದು ಹಚ್ಚುತ್ತಿದ್ದ ದೀಪವನ್ನು ದಶಾಶ್ವಮೇಧ ಘಾಟ್‌ನಲ್ಲಿ ಈಗ ಮಡಿದ ಸೈನಿಕರ ಹೆಸರಲ್ಲೂ ಹಚ್ಚುತ್ತಾರೆ. ಅದನ್ನು ಫೋನಿನಲ್ಲಿ ಹೇಳಿದಾಗ ಅಜ್ಜಿ, ‘ಯಾರ್ದೋ ಮಕ್ಕಳಿಗೆ ಯಾರೋ ದೀಪ ಹಚ್ತಾರಲ್ಲ, ನಮ್ ದೊಡ್ಡಪ್ಪ ಮಾಡ್ತಿದ್ದಿದ್ದೂ ಅದೇ’ ಎಂದು ಹುರುಳಿಯ ಕಥೆ ಬಿಡಿಸಿ ಹೇಳಿದರು. ‘ಹೈಪ’ ಎಂಬ ಊರಿನ ಹೆಸರು ನಾನು ಮೊದಲು ಕೇಳಿದ್ದು ಅವರ ಬಾಯಲ್ಲಿ.

ಈಚೆಗೆ ಪಂಚಾಂಗದ ಲೆಕ್ಕ ಹಾಕಿ ನೋಡಿದೆ. 1918ರಲ್ಲಿ ಸೆಪ್ಟೆಂಬರ್ 20ರ ಸುಮಾರಿಗೆ ಹುಣ್ಣಿಮೆ, ಅಕ್ಟೋಬರ್ ಮೊದಲ ವಾರದಲ್ಲಿ ಮಹಾಲಯ ಅಮಾವಾಸ್ಯೆ. ಹೈಫಾ ಕಾಳಗ ನಡೆದದ್ದು ಪಿತೃಪಕ್ಷದಲ್ಲಿ! ತಾತ ಹಿರಿಯರ ಹಬ್ಬಕ್ಕೆ ಆ ಹುರುಳಿಯನ್ನು ಸೇರಿಸಿದ್ದು ಬರೀ ಭಾವುಕತೆಯಿಂದಲ್ಲ. ಇಂಗ್ಲಿಷ್ ತಾರೀಖು ಮರೆತರೂ ಪಕ್ಷ ಮರೆಯದ ಮನುಷ್ಯ ಇಟ್ಟ ಪುಣ್ಯತಿಥಿ ಅದು.

ಸರ್ಕಾರದ ನೆನಪುಗಳೂ ಇವೆ. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನ ಸವಾರನದು. 2018ರಲ್ಲಿ ಆ ವೃತ್ತದ ಹೆಸರಿಗೆ ಹೈಫಾ ಸೇರಿತು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ಸಂಸ್ಥಾನಗಳ ಅಶ್ವದಳಗಳನ್ನು ಸೇರಿಸಿ 1953ರಲ್ಲಿ ಕಟ್ಟಿದ 61ನೇ ಕ್ಯಾವಲ್ರಿ ಪ್ರತಿ ಸೆಪ್ಟೆಂಬರ್ 23ನ್ನು ಹೈಫಾ ದಿನವಾಗಿ ಆಚರಿಸುತ್ತದೆ. ಇವೆಲ್ಲ ಬೇಕು. ಆದರೆ ಕಲ್ಲು ನೆನೆಯುವುದು ಗೆಲುವನ್ನು. ಗೆದ್ದು ಬಂದವನಿಗೆ ಏನು ಕಳೆದುಹೋಗಿತ್ತು ಎಂಬುದು ಮನೆಯ ಮೂಲೆಯ ಆ ಎಲೆಯ ಮೇಲಿತ್ತು.

ಕಷ್ಟ ಏನೆಂದರೆ, ಎಲೆಗೆ ಶಾಸನವಿಲ್ಲ. ಅಜ್ಜಿ ತೀರಿಕೊಂಡ ಮೇಲೆ ಊರಮನೆಯ ಹಬ್ಬ ನಮ್ಮ ಫ್ಲ್ಯಾಟಿಗೆ ಬಂತು, ಅಡುಗೆ ಕೇಟರಿಂಗ್‌ಗೆ ಹೋಯಿತು. ಹುರುಳಿ ಯಾಕೆ ಎಂದು ಕೇಳುವ ಮೊದಲೇ ಹುರುಳಿ ಇಡುವುದು ನಿಂತಿತ್ತು. ಈಗ ಮತ್ತೆ ಇಡುತ್ತಿದ್ದೇವೆ. ಮಕ್ಕಳಿಗೆ ಕಾರ್ಮೆಲ್ ಬೆಟ್ಟವನ್ನು ಮ್ಯಾಪಿನಲ್ಲಿ ತೋರಿಸಿ, 60 ಎಂಬ ಸಂಖ್ಯೆಯನ್ನೂ ಹೇಳಿದ್ದೇನೆ.

ನಿಮ್ಮ ಮನೆಯ ಎಡೆಯಲ್ಲೂ ಅರ್ಥ ಗೊತ್ತಿಲ್ಲದ ಒಂದು ವಸ್ತು ಇರಬಹುದು. ಒಂದು ಬೀಡಿ, ಒಂದು ಲೋಟ ಚಹಾ, ಯಾರೂ ಉಡದ ಒಂದು ಪಂಚೆ. ಅದು ಯಾರಿಗೆ ಎಂದು ಹೇಳಬಲ್ಲವರು ಇನ್ನೂ ಇದ್ದರೆ, ಈ ವಾರವೇ ಫೋನ್ ಮಾಡಿ ಕೇಳಿಕೊಳ್ಳಿ.