ಮುದ್ದೆ ಸೀಮೆಯಲ್ಲೂ ಸೀಲಿಯಾಕ್: ಟೆಸ್ಟ್ ಮೊದಲು, ಪಥ್ಯ ಆಮೇಲೆ

ತೊಣ್ಣೂರು ಕೆರೆ ಬಯಲಲ್ಲಿ ಭತ್ತ, ಮೇಲಿನ ಹೊಲಗಳಲ್ಲಿ ರಾಗಿ. ಗೋಧಿ ಒಗ್ಗದ ಕಾಯಿಲೆ ನಮಗೆಲ್ಲಿ ಬರುತ್ತೆ ಅಂತ ಪಾಂಡವಪುರ, ನಾಗಮಂಗಲದವರು ಕೇಳಿದರೆ ಅದರಲ್ಲಿ ಅರ್ಧ ಸತ್ಯವಿದೆ. 23 ಸಾವಿರಕ್ಕೂ ಹೆಚ್ಚು ವಯಸ್ಕರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸೀಲಿಯಾಕ್ ಉತ್ತರ ಭಾರತದಲ್ಲಿ ಸಾವಿರಕ್ಕೆ ಸುಮಾರು 8.5 ಮಂದಿಗಿತ್ತು, ದಕ್ಷಿಣದಲ್ಲಿ 10 ಸಾವಿರಕ್ಕೆ ಒಬ್ಬರಿಗೆ. ಆದರೆ ಕಾಯಿಲೆಗೆ ದಾರಿಮಾಡುವ ಜೀನ್ ಎರಡೂ ಕಡೆ ಸುಮಾರು ಮೂರರಲ್ಲಿ ಒಬ್ಬರಿಗಿತ್ತು. ಎದ್ದು ಕಾಣುವ ವ್ಯತ್ಯಾಸ ತಟ್ಟೆಯದು. ಆ ತಟ್ಟೆಗೆ ಈಗ ಚಪಾತಿ, ಬನ್ನು, ನೂಡಲ್ಸ್ ಬಂದಿವೆ.

ಏನಿದು?

ಗೋಧಿ, ಬಾರ್ಲಿ, ರೈನಲ್ಲಿರುವ ಗ್ಲುಟೆನ್ ಹೊಟ್ಟೆಗೆ ಹೋದಾಗ ದೇಹದ ರಕ್ಷಣಾ ವ್ಯವಸ್ಥೆಯೇ ಸಣ್ಣ ಕರುಳಿನ ಒಳಪದರವನ್ನು ಹಾಳುಮಾಡುತ್ತೆ. ಭೇದಿ, ಹೊಟ್ಟೆಯುಬ್ಬರ, ತೂಕ ಇಳಿಕೆ, ಮಕ್ಕಳ ಬೆಳವಣಿಗೆ ಕುಂಠಿತ. ಕೆಲವರಲ್ಲಿ ಕಾಣೋದು ಕಬ್ಬಿಣದ ಮಾತ್ರೆಗೂ ಜಗ್ಗದ ರಕ್ತಹೀನತೆ ಮಾತ್ರ.

ಟೆಸ್ಟ್ ಹೇಗೆ?

ಮೊದಲು ಟಿಟಿಜಿ-ಐಜಿಎ ರಕ್ತಪರೀಕ್ಷೆ, ಜೊತೆಗೆ ಒಟ್ಟು ಐಜಿಎ ಪ್ರಮಾಣ. ಐಜಿಎಯೇ ಕಡಿಮೆ ಇರುವವರಲ್ಲಿ ಮೊದಲನೆಯದು ಸುಳ್ಳು ನೆಗೆಟಿವ್ ಬರಬಹುದು. ಪಾಸಿಟಿವ್ ಬಂದರೆ ಸಾಮಾನ್ಯವಾಗಿ ಎಂಡೋಸ್ಕೋಪಿ ಮಾಡಿ ಕರುಳಿನ ಚೂರು ತೆಗೆದು ನೋಡ್ತಾರೆ. ಅಲ್ಲೀವರೆಗೆ ಗೋಧಿ ಬಿಡಬೇಡಿ. ಬಿಟ್ಟರೆ ಕರುಳು ಚೇತರಿಸಿಕೊಂಡು ರಿಪೋರ್ಟ್ ನಾರ್ಮಲ್ ಅನ್ನುತ್ತೆ, ಕಾಯಿಲೆ ಒಳಗೇ ಉಳಿಯುತ್ತೆ. ರೋಗಿಯ ಒಡಹುಟ್ಟಿದವರು, ಮಕ್ಕಳು, ತಂದೆ-ತಾಯಿಯೂ, ಟೈಪ್ 1 ಮಧುಮೇಹ ಇರುವವರೂ ಟೆಸ್ಟ್ ಬಗ್ಗೆ ವೈದ್ಯರನ್ನು ಕೇಳೋದು ಒಳ್ಳೇದು.

ಏನು ತಿನ್ನಬಹುದು?

ಔಷಧಿಯೆಂದರೆ ಪಥ್ಯವೇ, ಜೀವನಪೂರ್ತಿ. ನಮ್ಮ ಅದೃಷ್ಟಕ್ಕೆ ಮುದ್ದೆ, ಅನ್ನ, ಅಕ್ಕಿರೊಟ್ಟಿ, ಜೋಳ, ನವಣೆ, ಬೇಳೆಕಾಳು ಯಾವುದರಲ್ಲೂ ಗ್ಲುಟೆನ್ ಇಲ್ಲ. ಮೈದಾ, ಗೋಧಿ ರವೆ, ಗೋಧಿ ಶ್ಯಾವಿಗೆ, ಮಾಲ್ಟ್ ಪಾನೀಯ ಬೇಡ.

ಪಥ್ಯ ಮಾಡಿದರೂ ಕಮ್ಮಿಯಾಗದಿದ್ದರೆ?

ಮೊದಲ ಅನುಮಾನ ಕಣ್ಣಿಗೆ ಕಾಣದ ಗೋಧಿಯ ಮೇಲಿರಲಿ. ಅಂಗಡಿ ಇಂಗಿಗೆ ಗೋಧಿಹಿಟ್ಟು ಬೆರೆಸಿರಬಹುದು. ಗೋಧಿ ಬೀಸಿದ ಮಿಲ್ಲಲ್ಲೇ ರಾಗಿ ಬೀಸಿದರೆ ಹಿಟ್ಟು ಕಲಬೆರಕೆಯಾಗುತ್ತೆ. ಪೊಟ್ಟಣದ ಮೇಲೆ ಗ್ಲುಟೆನ್ ಮುಕ್ತ ಅಂತ ಹಾಕಲು ಕೆಜಿಗೆ 20 ಮಿಲಿಗ್ರಾಂ ಮೀರಬಾರದು ಅನ್ನೋದು ಎಫ್‌ಎಸ್‌ಎಸ್‌ಎಐ ನಿಯಮ, ಆದರೆ ಊರ ಮಿಲ್ಲಿಗೆ ಲೇಬಲ್ ಎಲ್ಲಿದೆ? ಅದೂ ಅಲ್ಲದಿದ್ದರೆ ಹಾಲು ಒಗ್ಗದಿರುವುದು, ಐಬಿಎಸ್‌ನಂಥ ಬೇರೆ ಕಾರಣ ಹುಡುಕಬೇಕು. ವಯಸ್ಕರಲ್ಲಿ ಕರುಳು ಪೂರ್ತಿ ಮಾಗಲು ವರ್ಷಕ್ಕೂ ಹೆಚ್ಚು ಹಿಡಿಯಬಹುದು.

ಅಪರೂಪದ ಕಾಯಿಲೆಯ ದೊಡ್ಡ ತೊಂದರೆ ಅಂದರೆ ಯಾರಿಗೂ ಅದು ನೆನಪಾಗೋದೇ ಇಲ್ಲ. ವರ್ಷಗಟ್ಟಲೆ ಮಾತ್ರೆ ನುಂಗಿಯೂ ರಕ್ತ ಏರದ ಹುಡುಗಿಗೆ "ಸರಿಯಾಗಿ ಉಣ್ಣಲ್ಲ" ಅನ್ನೋದು ಸುಲಭ. ಕಾರಣ ಹುಡುಕಿಕೊಡೋದು ಸರ್ಕಾರಿ ಆಸ್ಪತ್ರೆಯ ಕೆಲಸ, ಅದನ್ನು ಕೇಳೋದು ನಮ್ಮ ಹಕ್ಕು.